ಘಟ್ಟ ಇಳಿಯುವ ಮುನ್ನ
(ಕರಾವಳಿಯಲ್ಲಿ ನೆಲೆ ಹುಡುಕುವ ಬೆಳೆಗಾರರಿಗೊಂದು ಪಾಠ)



ಕೆಲವು ವರ್ಷಗಳಿಂದ ಸಂಘದ ಜಗಲಿಯಲ್ಲಿ, ಮದುವೆ ಮನೆಗಳಲ್ಲಿ, ಗೊಬ್ಬರ ಕೊಳ್ಳಲು ಬಂದ ಕಡೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿದೆ: “ಇಲ್ಲಿಯದನ್ನು ಮಾರಿ ಘಟ್ಟದ ಕೆಳಗೆ ಹೋಗಬೇಕೆಂದಿದ್ದೇನೆ. ಯಾವ ಕಡೆ ಜಾಗ ನೋಡಲಿ?” ಕೇಳುವವರು ಸಣ್ಣ ಹಿಡುವಳಿದಾರರು. ಒಬ್ಬರ ತೋಟಕ್ಕೆ ಹಳದಿ ಎಲೆ ರೋಗ ಬಂದಿದೆ. ಇನ್ನೊಬ್ಬರಿಗೆ ಮಂಡಿ ನೋವು, ಚಳಿ ತಡೆಯುವುದಿಲ್ಲ. ಮತ್ತೊಬ್ಬರ ಮನೆಯ ಹಿಂದಿನ ಗುಡ್ಡ 2018ರ ಮಳೆಯಲ್ಲಿ ಬಿರುಕು ಬಿಟ್ಟಿದೆ.

ಈ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗೆ ಬಂದದ್ದು ತಪ್ಪು ಮಾಡಿದ್ದರಿಂದ. ನಾನು 2004ರಲ್ಲಿ ಕೊಪ್ಪದ ಕಡೆಯಿಂದ ಇಳಿದು ಹೋದವನು. ಮೇಲಿನ ಅರ್ಧ ಎಕರೆ ಇಂದಿಗೂ ಉಳಿದಿರುವುದರಿಂದ ಈ ಸಂಘದ ಸದಸ್ಯತ್ವವೂ ಉಳಿದಿದೆ. ಇಳಿಯಬೇಡಿ ಎಂದು ನಾನು ಹೇಳುವುದಿಲ್ಲ. ಇಳಿಯುವ ಕ್ರಮ ತಿಳಿದು ಇಳಿಯಿರಿ ಎನ್ನುವುದಷ್ಟೇ ಈ ಪಾಠದ ಉದ್ದೇಶ.

1. ಮೊದಲು ಕಾರಣ, ಆಮೇಲೆ ಊರು

ಯಾವ ಊರು ಒಳ್ಳೆಯದು ಎಂದು ಕೇಳುವ ಮೊದಲು ತಾನು ಯಾಕೆ ಹೊರಟಿದ್ದೇನೆ ಎಂಬುದನ್ನು ಮನೆಯವರೆಲ್ಲ ಕುಳಿತು ನಿಶ್ಚಯಿಸಬೇಕು. ತೋಟ ಮಾಡಿ ಬದುಕಲು ಹೋಗುವವನಿಗೆ ಬೇಕಾದ ಜಾಗ ಬೇರೆ, ವಯಸ್ಸಾದ ಕಾಲದಲ್ಲಿ ಬೆಚ್ಚಗೆ ಕೂರಲು ಹೋಗುವವನಿಗೆ ಬೇಕಾದ ಜಾಗ ಬೇರೆ. ಮಕ್ಕಳ ಓದಿಗೆಂದು ಹೋಗುವವನದು ಮೂರನೆಯ ದಾರಿ. ಮೂರನ್ನೂ ಒಂದೇ ಜಾಗದಲ್ಲಿ ಪಡೆಯುತ್ತೇನೆಂದು ಹೊರಟವರು ಮೂರನ್ನೂ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ಅರುವತ್ತೈದು ದಾಟಿದ ದಂಪತಿಗಳು, ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವವರು, ಕೆಳಗೆ ಹೋಗಿ ಮತ್ತೆ ಮೂರು ಎಕರೆ ಅಡಿಕೆ ತೋಟ ಕೊಳ್ಳುವುದರಲ್ಲಿ ಅರ್ಥವಿಲ್ಲ. ಅವರಿಗೆ ಪುತ್ತೂರು, ಕಾರ್ಕಳ, ಕುಂದಾಪುರದಂಥ ಊರಿನ ಅಂಚಿನಲ್ಲಿ ಹತ್ತು ಸೆಂಟ್ಸ್ ಜಾಗ, ಒಂದು ಬಾವಿ, ನಾಲ್ಕು ತೆಂಗು ಸಾಕು. ಆಸ್ಪತ್ರೆಯ ದೂರವನ್ನು ಅವರು ಮೊದಲು ನೋಡಬೇಕು. ಮಂಗಳೂರು, ಮಣಿಪಾಲಗಳ ದೊಡ್ಡ ಆಸ್ಪತ್ರೆಗಳಿಗೆ ಘಟ್ಟದ ತಿರುವುಗಳಿಲ್ಲದೆ ತಲುಪಬಹುದು ಎಂಬುದು ಕರಾವಳಿಯ ದೊಡ್ಡ ಅನುಕೂಲ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆಯ ದಾರಿಗಳಲ್ಲಿ ರೋಗಿಯನ್ನು ಕರೆದೊಯ್ದವರಿಗೆ ಇದರ ಬೆಲೆ ಗೊತ್ತು.

ಇನ್ನು ಮುಂದಿನ ಮಾತುಗಳು ಮುಖ್ಯವಾಗಿ ತೋಟ ಮಾಡಲು ಹೋಗುವವರಿಗಾಗಿ.

2. ಸೆಖೆಯ ಲೆಕ್ಕ

ಎತ್ತರದಿಂದ 1,000 ಮೀಟರ್ ಇಳಿದರೆ ಉಷ್ಣತೆ ಸುಮಾರು 6 ಡಿಗ್ರಿಯಷ್ಟು ಏರುತ್ತದೆ. ಮಡಿಕೇರಿಯಂಥ ಜಾಗದಿಂದ ಕಡಲ ಮಟ್ಟಕ್ಕೆ ಬಂದವರಿಗೆ ಆಗುವ ವ್ಯತ್ಯಾಸ ಇದು. ಆದರೆ ಮೈಗೆ ತಿಳಿಯುವುದು ಡಿಗ್ರಿಯ ಲೆಕ್ಕವಲ್ಲ, ಗಾಳಿಯ ತೇವ. ಮಾರ್ಚಿಯಿಂದ ಮಳೆ ಹಿಡಿಯುವ ತನಕ ರಾತ್ರಿಯೂ ಬೆವರು ಆರುವುದಿಲ್ಲ. ನಮ್ಮ ತಾಯಿ ಮೊದಲ ಬೇಸಿಗೆಯಲ್ಲಿ ಜಗಲಿಯ ಸಿಮೆಂಟು ನೆಲದ ಮೇಲೆ ಚಾಪೆಯಿಲ್ಲದೆ ಮಲಗಿದರು. “ಕಂಬಳಿ ಹೊದೆಯುವ ಸುಖ ಇನ್ನಿಲ್ಲ” ಎಂದಷ್ಟೇ ಹೇಳಿದರು.

ಬೆಳೆಯ ಮಟ್ಟಿಗೆ ಹೇಳುವುದಾದರೆ, ಅರೇಬಿಕಾ ಕಾಫಿಯನ್ನು ಘಟ್ಟದ ಮೇಲೆಯೇ ಬಿಟ್ಟು ಹೋಗಬೇಕು. ಅದು 1,000 ಮೀಟರಿಗೂ ಮೇಲಿನ ತಂಪಿನ ಬೆಳೆ. ಏಲಕ್ಕಿಯ ಆಸೆಯನ್ನೂ ಬಿಡಬೇಕು. ರೋಬಸ್ಟಾವನ್ನು ಅಡಿಕೆಯ ನೆರಳಿನಲ್ಲಿ ಇಟ್ಟು ನೋಡುವವರು ಕೆಳಗೆ ಇದ್ದಾರೆ. ಆದರೆ ಹೂಮಳೆಯ ಹೊತ್ತಿಗೆ ಅಲ್ಲಿ ಆಕಾಶ ಒಣಗಿರುತ್ತದೆ, ಹೂವಿಗೆ ನೀರು ಕೊಡುವುದು ಪಂಪಿನಿಂದಲೇ. ಆದ್ದರಿಂದ ಕಾಫಿಯನ್ನು ಆದಾಯದ ಲೆಕ್ಕಕ್ಕೆ ಹಿಡಿಯದೆ ಜಾಗ ನೋಡಿರಿ. ಅಡಿಕೆ, ತೆಂಗು, ಕಾಳುಮೆಣಸು, ಕೊಕ್ಕೊ, ಬಾಳೆ, ಜಾಯಿಕಾಯಿ, ಗೇರು, ಕೆಲವೆಡೆ ರಬ್ಬರ್, ಇವು ಕೆಳಗಿನ ಬೆಳೆಗಳು.

ಅಡಿಕೆಗೂ ಬಿಸಿಲಿನ ಭಯವಿದೆ. ತೆಂಕು-ಪಡುವಣಕ್ಕೆ ತೆರೆದುಕೊಂಡ ಇಳಿಜಾರಿನಲ್ಲಿ ಮಧ್ಯಾಹ್ನದ ಬಿಸಿಲು ಕಾಂಡಕ್ಕೆ ನೇರವಾಗಿ ಹೊಡೆದು ತೊಗಟೆ ಸುಡುತ್ತದೆ, ಆಮೇಲೆ ಮರ ಅಲ್ಲಿಯೇ ಮುರಿದು ಬೀಳುತ್ತದೆ. ಮೂಡಣ, ಬಡಗಣ ಮುಖದ ಇಳಿಜಾರು ಅಥವಾ ಪಡುವಣದಲ್ಲಿ ಗುಡ್ಡವೋ ಎತ್ತರದ ಮರಗಳೋ ಇರುವ ಕಣಿವೆ ಉತ್ತಮ. ಜಾಗ ನೋಡಲು ಬೆಳಿಗ್ಗೆ ಹೋಗಬೇಡಿ, ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿರಿ.

3. ಕರಾವಳಿಯಲ್ಲಿ ಮೂರು ಪಟ್ಟಿಗಳು

ಘಟ್ಟದ ಮೇಲಿನವರು “ಕೆಳಗೆ” ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ವಾಸ್ತವದಲ್ಲಿ ಕೆಳಗಿನ ನಾಡು ಘಟ್ಟದ ಬುಡದಿಂದ ಕಡಲಿನವರೆಗೆ ಮೂರು ಪಟ್ಟಿಗಳಾಗಿದೆ.

ಒಂದು, ಘಟ್ಟದ ಬುಡ. ಸುಳ್ಯ, ಕಡಬ, ಬೆಳ್ತಂಗಡಿ, ಹೆಬ್ರಿ, ಕೊಲ್ಲೂರಿನ ಸುತ್ತ, ಹೊನ್ನಾವರದ ಗೇರುಸೊಪ್ಪೆಯ ಕಡೆ. ಇಲ್ಲಿಯ ಮಣ್ಣು, ನೆರಳು, ಹಳ್ಳಗಳು ನಮಗೆ ಪರಿಚಿತವೆನಿಸುತ್ತವೆ. ಕೊಡಗಿನವರಿಗೆ ಸುಳ್ಯ ಹೊಸ ನಾಡೂ ಅಲ್ಲ. ಅಮರ ಸುಳ್ಯ, ಪುತ್ತೂರುಗಳು 1834ರವರೆಗೆ ಕೊಡಗು ಅರಸರ ಆಳ್ವಿಕೆಯಲ್ಲಿಯೇ ಇದ್ದವು. ಅರೆಭಾಷೆ ಆಡುವವರು ಮೇಲೂ ಕೆಳಗೂ ಇದ್ದಾರೆ. ಬೇಸಿಗೆಯಲ್ಲಿ ಮೂರು ಪಟ್ಟಿಗಳ ಪೈಕಿ ನೀರು ಹೆಚ್ಚು ದಿನ ಉಳಿಯುವುದು ಇಲ್ಲಿ. ಆದರೆ ಮಳೆ ವಿಪರೀತ, ಆದ್ದರಿಂದ ಕೊಳೆರೋಗದ ಕಾಟವೂ ಹೆಚ್ಚು. ಆನೆ, ಕಾಡುಕೋಣ, ಮಂಗಗಳು ತೋಟಕ್ಕೆ ಬರುತ್ತವೆ. ಅರಣ್ಯದ ಗಡಿ ತಂಟೆಗಳಿವೆ. ಕಡಿದ ಗುಡ್ಡದ ಕೆಳಗಿನ ಮನೆಯನ್ನಂತೂ ಯಾವ ಬೆಲೆಗೂ ಕೊಳ್ಳಬಾರದು. 2018ರ ಆಗಸ್ಟಿನಲ್ಲಿ ಮಡಿಕೇರಿ-ಸಂಪಾಜೆ ದಾರಿಯ ಜೋಡುಪಾಲದಲ್ಲಿ ಆದದ್ದನ್ನು ನಾವು ಮರೆತಿಲ್ಲ.

ಎರಡು, ನಡುನಾಡು. ಪುತ್ತೂರು, ವಿಟ್ಲ, ಬಂಟ್ವಾಳ, ಮೂಡುಬಿದಿರೆ, ಕಾರ್ಕಳ, ಗಡಿಯಾಚೆ ಕಾಸರಗೋಡಿನ ಪೆರ್ಲ, ಬದಿಯಡ್ಕ. ಅಡಿಕೆಯ ತವರು ಇದು. ಕೃಷಿ ವಿಚಾರ ಕೇಳಲು ವಿಟ್ಲದಲ್ಲಿ 1956ರಿಂದಲೂ ಅಡಿಕೆ ಸಂಶೋಧನಾ ಕೇಂದ್ರವಿದೆ. ಮಾರಲು 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯಿದೆ. ಕೊಕ್ಕೊ ಕೊಳ್ಳುವ ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿಯೇ ಇದೆ. ಶಾಲೆ, ಕಾಲೇಜು, ವೈದ್ಯರು ಹತ್ತಿರ. ಆದರೆ ಮುರಕಲ್ಲಿನ ಗುಡ್ಡಗಳ ನಾಡಾದ್ದರಿಂದ ನೀರಿನ ಕಷ್ಟ ಇಲ್ಲಿಯೇ ಹೆಚ್ಚು.

ಮೂರು, ಕಡಲ ಸೆರಗು. ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ, ಅಂಕೋಲಾದ ಪಡುವಣ ಭಾಗಗಳು. ಹೆದ್ದಾರಿ, ಕೊಂಕಣ ರೈಲು, ಪೇಟೆ ಎಲ್ಲ ಹತ್ತಿರ. ಮಣ್ಣು ಮರಳು, ತೆಂಗಿಗೆ ಒಳ್ಳೆಯದು. ಅಡಿಕೆಗೆ ಅಷ್ಟು ಹಿತವಲ್ಲ. ಹೊಳೆಯ ಬಾಯಿಗೆ ಹತ್ತಿರವಾದ ಜಾಗಗಳಲ್ಲಿ ಬೇಸಿಗೆಯಲ್ಲಿ ಉಬ್ಬರದ ಉಪ್ಪು ನೀರು ಮೈಲಿಗಟ್ಟಲೆ ಒಳಗೆ ಏರುತ್ತದೆ. ಅಘನಾಶಿನಿಯ ದಂಡೆಯವರು ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದದ್ದು ಈ ಕಾರಣದಿಂದಲೇ. ತೆಂಗು ಸ್ವಲ್ಪ ಉಪ್ಪನ್ನು ಸಹಿಸಿಕೊಳ್ಳುತ್ತದೆ, ಅಡಿಕೆ ಸಹಿಸುವುದಿಲ್ಲ. ಹೊಳೆ ತುಂಬಿದೆ ಎಂದು ಹಿಗ್ಗಬೇಡಿ, ಮೇ ತಿಂಗಳಲ್ಲಿ ಒಂದು ಬೊಗಸೆ ಕುಡಿದು ನೋಡಿರಿ. ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆಗಳಲ್ಲಿಯೂ ಎಚ್ಚರಿಕೆ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಜರಿಯಿತು.

4. ನೀರು: ನಾನು ಕಲಿತ ಪಾಠ

ನಾನು ಜಾಗ ನೋಡಿದ್ದು ಡಿಸೆಂಬರಿನಲ್ಲಿ. ನಡುನಾಡಿನ ಒಂದು ಹಳ್ಳಿ, ಎರಡು ಎಕರೆ ತೋಟ, 1,100 ಮರ. ಬಾವಿ ಕಂಠದವರೆಗೆ ತುಂಬಿತ್ತು, ತೋಟದ ಅಂಚಿನಲ್ಲಿ ಹಳ್ಳ ಜುಳುಜುಳು ಹರಿಯುತ್ತಿತ್ತು. ಮಧ್ಯವರ್ತಿ ಹೇಳಿದ, “ಬಾರೋಮಾಸಿ ಹಳ್ಳ ಸಾರ್, ಬತ್ತಿದ್ದೇ ಇಲ್ಲ.” ಮನೆಗೆ ಬಂದು ಹೇಳಿದಾಗ ತಾಯಿ ಕೇಳಿದ್ದು ಒಂದೇ ಮಾತು: “ಬೇಸಿಗೆಯಲ್ಲಿ ಆ ಬಾವಿಯ ನೀರು ಕುಡಿದವರು ಯಾರಾದರೂ ಇದ್ದಾರೇನೋ, ಕೇಳಿದೆಯಾ?” ನಾನು ಕೇಳಿರಲಿಲ್ಲ. ಮುಂಗಡ ಕೊಟ್ಟಾಗಿತ್ತು.

ಮಾರ್ಚಿ ಮೊದಲ ವಾರ ಹಳ್ಳ ನಿಂತಿತು. ಏಪ್ರಿಲಿನಲ್ಲಿ ಪಂಪು ಹಾಕಿದರೆ ಒಂದೂವರೆ ಗಂಟೆಗೆ ಬಾವಿಯ ತಳ ಕಾಣುತ್ತಿತ್ತು, ಮತ್ತೆ ಊರಲು ಮರುದಿನದವರೆಗೆ ಕಾಯಬೇಕು. ಕೊಳವೆಬಾವಿ ಕೊರೆಸಿದೆ. ಮೊದಲನೆಯದರಲ್ಲಿ ದೂಳು ಬಂತು, ಎರಡನೆಯದು ಒಂದು ಬೇಸಿಗೆ ನಡೆದು ಸೊರಗಿತು. ಎರಡು ವರ್ಷಗಳಲ್ಲಿ ಮುನ್ನೂರು ಮರ ಹೋದವು. ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯಾಚೆ ನಿಂತು ಕೇಳಿದರು: “ಡಿಸೆಂಬರದಲ್ಲಿ ನೋಡಿದ್ದಾ ಮಾರಾಯ್ರೆ? ಆಗ ನಮ್ಮಲ್ಲಿ ಪಾದೆಕಲ್ಲಿನಲ್ಲೂ ನೀರುಂಟು!”

ಲೆಕ್ಕ ಗೊತ್ತಿದ್ದರೆ ಅಂದೇ ತಿಳಿಯುತ್ತಿತ್ತು. ಲೆಕ್ಕ ಹೀಗಿದೆ.

2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 20 ಲೀಟರ್ ಎಂದು ಹಿಡಿದರೆ ಎಕರೆಗೆ ದಿನಕ್ಕೆ 11,000 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ 120 ದಿನಕ್ಕೆ 13 ಲಕ್ಷದ 20 ಸಾವಿರ ಲೀಟರ್. ಹಳೆಯ ಕ್ರಮದಲ್ಲಿ ಬುಡಕ್ಕೆ ನೀರು ಹಾಯಿಸುವುದಾದರೆ ಸಲವೊಂದಕ್ಕೆ ಮರಕ್ಕೆ 175 ಲೀಟರ್, ಅದೂ ಮಾರ್ಚಿಯಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ. ಎಂದರೆ ಇನ್ನೂ ಹೆಚ್ಚು.

ಬಾವಿಯ ಶಕ್ತಿಯನ್ನು ಅಳೆಯಲು ಯಂತ್ರ ಬೇಡ. 200 ಲೀಟರಿನ ಡ್ರಮ್ಮು, ಕೈಗಡಿಯಾರ ಸಾಕು. ಪೈಪಿನ ನೀರಿಗೆ ಡ್ರಮ್ಮು ತುಂಬಲು ಐದು ನಿಮಿಷ ಹಿಡಿದರೆ ಗಂಟೆಗೆ 2,400 ಲೀಟರ್. ಎರಡು ಎಕರೆಗೆ ಬೇಕಾದ 22,000 ಲೀಟರ್ ಎತ್ತಲು ಒಂಬತ್ತು ಗಂಟೆಗೂ ಮೇಲೆ ಬೇಕು. ಬಾವಿ ಅಷ್ಟು ಹೊತ್ತು ಬತ್ತದೆ ನಿಲ್ಲಬೇಕು, ಪಂಪಿಗೆ ಅಷ್ಟು ಹೊತ್ತು ವಿದ್ಯುತ್ತೂ ಇರಬೇಕು. ನನ್ನ ಬಾವಿ ಏಪ್ರಿಲಿನಲ್ಲಿ ಕೊಡುತ್ತಿದ್ದದ್ದು ಒಂದೂವರೆ ಗಂಟೆಗೆ 3,600 ಲೀಟರ್. ಬೇಕಾದದ್ದರ ಆರನೆಯ ಒಂದು ಪಾಲೂ ಅಲ್ಲ. ಡ್ರಮ್ಮಿನ ಈ ಪರೀಕ್ಷೆಯನ್ನು ಏಪ್ರಿಲ್ 15ರಿಂದ ಮೇ 15ರ ಒಳಗೆ ಮಾಡಬೇಕು. ಬೇರೆ ತಿಂಗಳಲ್ಲಿ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

ಹಾಗಾದರೆ ಕರಾವಳಿಯಲ್ಲಿ ನೀರಿಲ್ಲವೆ? ಮಂಗಳೂರಿನ ಸುತ್ತ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಒಂದು ಎಕರೆಯ ಮೇಲೆ ಬೀಳುವ ನೀರು ಒಂದು ಕೋಟಿ 41 ಲಕ್ಷ ಲೀಟರ್. ಅದೇ ಎಕರೆಗೆ ಬೇಸಿಗೆಯಲ್ಲಿ ಬೇಕಾದದ್ದು ಇದರ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಕೊರತೆ ಇರುವುದು ಮಳೆಗಲ್ಲ, ಬಿದ್ದ ನೀರು ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುರಕಲ್ಲಿನ ಇಳಿಜಾರಿನಲ್ಲಿ ಕಡಲಿಗೆ ಓಡುತ್ತದೆ. ಆದ್ದರಿಂದ ಊರು ಆರಿಸುವಾಗ ಕೇಳಬೇಕಾದದ್ದು “ಮಳೆ ಎಷ್ಟು?” ಎಂದಲ್ಲ, “ಈ ಊರಿನವರು ನೀರನ್ನು ಹಿಡಿದಿಡುವ ರೂಢಿಯವರೇ?” ಎಂದು.

ಹಳ್ಳಕ್ಕೆ ಅಡ್ಡಲಾಗಿ ಡಿಸೆಂಬರಿನಲ್ಲಿ ಕಲ್ಲು-ಮಣ್ಣಿನ ಕಟ್ಟ ಹಾಕುವ ಪದ್ಧತಿ ಉಳಿದಿದೆಯೇ? ಕಿಂಡಿ ಅಣೆಕಟ್ಟಿಗೆ ಸರಿಯಾದ ಕಾಲಕ್ಕೆ ಹಲಗೆ ಇಳಿಸುತ್ತಾರೆಯೇ? ಗುಡ್ಡದ ಮೇಲೆ ಮದಕವಿದ್ದರೆ ಹೂಳೆತ್ತಿದ್ದಾರೆಯೇ? ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಲ್ಲಿ ನೀರು ಬರುತ್ತಿದೆಯೇ? ಇವು ಇರುವ ಊರಿನಲ್ಲಿ ಸಾಧಾರಣ ಜಾಗವೂ ಒಳ್ಳೆಯದು. ಎಲ್ಲರೂ ಒಬ್ಬರ ಮೇಲೊಬ್ಬರು ಕೊಳವೆಬಾವಿ ಕೊರೆಸುತ್ತಿರುವ ಊರಿನಲ್ಲಿ ಒಳ್ಳೆಯ ಜಾಗವೂ ಹತ್ತು ವರ್ಷದಲ್ಲಿ ಕೆಡುತ್ತದೆ.

ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿರಬಹುದು. ಕೂಲಿ ಮಾಡುತ್ತಿದ್ದ ಅವರಿಗೆ ಸಿಕ್ಕಿದ್ದು ನೀರಿಲ್ಲದ ಬೋಳು ಗುಡ್ಡದ ತುಂಡು. ಒಬ್ಬರೇ ಸುರಂಗ ಕೊರೆಯತೊಡಗಿದರು. ಒಂದರ ಮೇಲೊಂದು ಐದು ಸುರಂಗಗಳು ವ್ಯರ್ಥವಾದವು. ಆರನೆಯದರಲ್ಲಿ ನೀರು ಕಂಡರು, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಅವರ ಶ್ರಮಕ್ಕೆ ಕೈಮುಗಿಯೋಣ. ಆದರೆ ಅರುವತ್ತರ ಹತ್ತಿರ ಬಂದು ಹಳೆಯ ತೋಟ ಮಾರಿದ ಹಣದಲ್ಲಿ ಜಾಗ ಕೊಳ್ಳುವ ನಮಗೆ ಐದು ಸಲ ಸೋಲುವಷ್ಟು ಕಾಲವಿಲ್ಲ ಎಂಬುದನ್ನೂ ತಿಳಿಯಬೇಕು.

ನನ್ನ ತೋಟ ಉಳಿದದ್ದು ಮೂರನೆಯ ವರ್ಷ ಆ ಹಿರಿಯರೇ ಕರೆದು ನಾಲ್ಕು ಮನೆಯವರು ಕೂಡಿ ಹಳ್ಳಕ್ಕೆ ಮತ್ತೆ ಕಟ್ಟ ಹಾಕಿದ ಮೇಲೆ. ಹಿಂದೆ ಇದ್ದ ಕಟ್ಟವನ್ನು ಪಂಪು ಬಂದ ಮೇಲೆ ಬಿಟ್ಟಿದ್ದರಂತೆ. ಈಗ ಬಾವಿ ಏಪ್ರಿಲ್ ಕೊನೆಯವರೆಗೆ ನಡೆಯುತ್ತದೆ. ಮೇ ತಿಂಗಳ ಕೊರತೆಗೆ ಗುಡ್ಡದ ಮೇಲಿನ ಕೆರೆ. ಸತ್ತ ಮುನ್ನೂರು ಮರಗಳ ಜಾಗದಲ್ಲಿ ಮತ್ತೆ ಅಡಿಕೆ ನೆಡಲಿಲ್ಲ, ಗೇರು ಇಟ್ಟಿದ್ದೇನೆ.

5. ರೋಗದಿಂದ ಓಡುವವರು ರೋಗದ ಬಾಗಿಲಿಗೆ ಹೋಗಬಾರದು

ಹಳದಿ ಎಲೆ ರೋಗಕ್ಕೆ ಇಂದಿಗೂ ಔಷಧವಿಲ್ಲ. 1914ರಲ್ಲಿ ಮಧ್ಯ ಕೇರಳದಲ್ಲಿ ಮೊದಲು ಕಂಡುಬಂದ ಈ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ಬರಿದು ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದೇ ರೋಗ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜದ ಕಡೆಯೂ ಇದೆ. ಅಲ್ಲಿ ಕಡಿಮೆ ಬೆಲೆಗೆ ತೋಟ ಸಿಗುತ್ತದೆಂದು ಹೋದರೆ “ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ” ಎಂದಂತಾದೀತು. ಆ ಊರುಗಳಲ್ಲಿ ಬೇರೆ ಬೆಳೆಗೆಂದು ಜಾಗ ಕೊಳ್ಳುವುದು ಬೇರೆ ಮಾತು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಮಲೆನಾಡಿನಿಂದ ಘಟ್ಟದ ಬುಡದವರೆಗೆ ಹಬ್ಬಿದೆ. ತೋಟ ನೋಡುವಾಗ ಗೊನೆ ಎಣಿಸುವ ಮೊದಲು ತಲೆಯೆತ್ತಿ ಸೋಗೆ ನೋಡಿರಿ. ಆ ತೋಟ ಮಾತ್ರವಲ್ಲ, ಸುತ್ತಲಿನ ನಾಲ್ಕು ತೋಟಗಳನ್ನೂ ನೋಡಿರಿ.

ಇನ್ನೊಂದು ವಿಷಯ. ಹಳದಿ ರೋಗವನ್ನು ಹರಡುವುದು ರಸ ಹೀರುವ ಒಂದು ಸಣ್ಣ ಜಿಗಿಹುಳು. ಪ್ರೀತಿಯಿಂದ ಹಳೆಯ ತೋಟದ ಅಡಿಕೆ ಸಸಿಗಳನ್ನು ಗಾಡಿಯಲ್ಲಿ ತುಂಬಿ ಒಯ್ಯಬೇಡಿ. ಕೆಳಗಿನ ನೆಲಕ್ಕೆ ಕೆಳಗಿನದೇ ತಳಿ ಇರಲಿ. ಮಂಗಳ, ಮೋಹಿತನಗರ ಮುಂತಾದ ಸಸಿಗಳು ನಂಬಿಕೆಯ ನರ್ಸರಿಗಳಲ್ಲಿ ದೊರೆಯುತ್ತವೆ.

ನಾವು ಕೊಳ್ಳುವವರು ಮಾತ್ರವಲ್ಲ, ಮಾರುವವರೂ ಹೌದು. ನಮ್ಮ ತೋಟದ ರೋಗವನ್ನು ಮುಚ್ಚಿಟ್ಟು ಮಾರಿ, ಆಮೇಲೆ ಅಲ್ಲಿಯ ಮಧ್ಯವರ್ತಿ ನಮಗೆ ಸುಳ್ಳು ಹೇಳಿದನೆಂದು ದೂರುವುದು ನ್ಯಾಯವಲ್ಲ.

6. ಅದೇ ಅಡಿಕೆ, ಬೇರೆ ಕಸುಬು

ಮೇಲೆ ನಾವು ಎಳೆಯ ಅಡಿಕೆ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತೇವೆ. ರಾಶಿ, ಬೆಟ್ಟೆ, ಸರಕು, ಗೊರಬಲು ನಮ್ಮ ಮಾತು. ಕೆಳಗೆ ಅಡಿಕೆ ಹಣ್ಣಾದ ಮೇಲೆ ಕೊಯ್ದು, ಸಿಪ್ಪೆ ಸಹಿತ ನಲುವತ್ತು-ನಲುವತ್ತೈದು ದಿನ ಬಿಸಿಲಿನಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡುತ್ತಾರೆ. ಅಲ್ಲಿಯ ಮಾತು ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕೋಕಾ. ಬೇಯಿಸುವ ಹಂಡೆಯ ಖರ್ಚು ಉಳಿಯಿತು ಎಂದುಕೊಳ್ಳಬೇಡಿ, ವಿಶಾಲವಾದ ಅಂಗಳ ಬೇಕು. ಮನೆಯ ಸುತ್ತ ಮರ ಬೆಳೆದು ಅಂಗಳಕ್ಕೆ ಬಿಸಿಲು ಬಾರದ ಜಾಗ ನೋಡಲು ತಂಪು, ಚಾಲಿಗೆ ಶತ್ರು. ಅಕಾಲದ ಒಂದು ಮಳೆಗೆ ಅಂಗಳದಲ್ಲಿದ್ದುದೆಲ್ಲ ಬೂಷ್ಟು ಹಿಡಿದು ಕೆಳದರ್ಜೆಗೆ ಇಳಿಯುತ್ತದೆ. ಸೌರ ಒಣಗೂಡಿಗೆ ಆರಂಭದಲ್ಲಿಯೇ ಹಣ ತೆಗೆದಿಡಿ.

ಹಣದ ಕೈಹರಿವೂ ಬದಲಾಗುತ್ತದೆ. ಕೊಯ್ಲಿನಿಂದ ಮಾರಾಟದವರೆಗೆ ಕೆಂಪಡಿಕೆಗಿಂತ ಹೆಚ್ಚು ದಿನ ಕಾಯಬೇಕು, ಹಳೆ ಅಡಿಕೆಯ ಬೆಲೆ ಬೇಕಾದರೆ ಮಳೆಗಾಲ ದಾಟಿಸಬೇಕು. ಮೊದಲ ವರ್ಷದ ಮನೆಖರ್ಚನ್ನು ತೋಟದ ಮೇಲೆ ಹೊರಿಸದೆ ಬೇರೆಯಾಗಿ ಇಟ್ಟುಕೊಂಡೇ ಇಳಿಯಿರಿ.

7. ಕಾಗದ ಪತ್ರ

ಕೃಷಿ ಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು ಕರ್ನಾಟಕದಲ್ಲಿ 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ ಕೊಳ್ಳುವುದು ಸುಲಭವಾಯಿತು, ಎಡವುವುದೂ ಸುಲಭವಾಯಿತು. ಪಹಣಿ, ಮ್ಯುಟೇಶನ್, ಹಿಂದಿನ ಮೂವತ್ತು ವರ್ಷಗಳ ಋಣಭಾರ ಪತ್ರ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಇವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ.

ದಕ್ಷಿಣ ಕನ್ನಡ, ಉಡುಪಿಗಳಲ್ಲಿ “ಕುಮ್ಕಿ” ಎಂಬ ಮಾತು ಕೇಳುತ್ತೀರಿ. ನಮ್ಮ ಕಡೆಯ ಬಾಣೆ, ಕಾನು, ಸೊಪ್ಪಿನ ಬೆಟ್ಟಗಳ ಹಾಗೆ ಅದು ವರ್ಗ ಜಾಗಕ್ಕೆ ತಾಗಿದ, ಸೊಪ್ಪು-ಸೌದೆಗೆ ಅನುಭೋಗವಿರುವ ಸರಕಾರಿ ಭೂಮಿ. ಮಾರುವವನು “ಐದು ಎಕರೆ” ಎಂದರೆ ಅದರಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಬಿಡಿಸಿ ಕೇಳಿರಿ. ಕುಮ್ಕಿಗೆ ವರ್ಗದ ಬೆಲೆ ಕೊಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು 1978ರ ಕಾಯ್ದೆಯಂತೆ ಸರಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ, ಕೊಳ್ಳುವುದು ತಪ್ಪೂ ಹೌದು. ತೋಟಕ್ಕೆ ದಾರಿ ಯಾರ ಜಾಗದ ಮೇಲೆ ಹೋಗುತ್ತದೆ, ಹಳ್ಳದ ನೀರಿನಲ್ಲಿ ಯಾರ ಸರದಿ ಎಂದು ಎಂಬುದು ಕಾಗದದಲ್ಲಿ ಇಲ್ಲದಿದ್ದರೆ ಕಾಗದಕ್ಕೆ ಬರಲಿ.

ಗಡಿಯಾಚೆ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿವೆ, ಕನ್ನಡ ಮಾತಾಡುವ ನೆರೆಯವರಿದ್ದಾರೆ. ಆದರೆ 1956ರಿಂದ ಅದು ಕೇರಳದ ಆಡಳಿತ, ಭೂಕಾನೂನು ಬೇರೆ. ದಾಖಲೆಯಲ್ಲಿ ಗದ್ದೆ ಎಂದಿರುವ ಜಾಗವನ್ನು ತುಂಬಿಸಿ ತೋಟವೋ ಮನೆಯೋ ಮಾಡುತ್ತೇನೆಂದರೆ ಅಲ್ಲಿಯ 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಅಲ್ಲಿಯ ವಕೀಲರನ್ನೇ ಕೇಳಬೇಕು.

8. ನೆರೆಹೊರೆ

ತುಳು ಬಾರದವರಿಗೂ ಕನ್ನಡದಲ್ಲಿ ಉತ್ತರ ಕೊಡುವ ಜನ ಅವರು. ಆದರೂ ಕೆಲಸಗಾರರೊಡನೆ ನಾಲ್ಕು ಮಾತು ತುಳುವಿನಲ್ಲಿ ಆಡಲು ಕಲಿತರೆ ಕೆಲಸ ಹಗುರ. ಜಾಗದಲ್ಲಿ ನಾಗಬನವೋ ದೈವದ ಕಲ್ಲೋ ಇದ್ದರೆ ಅದರ ವರ್ಷಾವಧಿ ಸೇವೆ ಜಾಗ ಕೊಂಡವರ ಪಾಲಿಗೆ ಬರುತ್ತದೆ ಎಂಬುದು ಅಲ್ಲಿಯ ರೂಢಿ. ಮೊದಲೇ ವಿಚಾರಿಸಿಕೊಂಡು ಒಪ್ಪಿ ಕೊಳ್ಳುವುದು ಒಳ್ಳೆಯದು. ಕೊನೆಕೊಯ್ಲಿಗೆ, ಔಷಧಿ ಸಿಂಪಡಣೆಗೆ ಆಳು ಸಿಗುವರೇ ಎಂದು ಜಾಗದ ಮಾಲೀಕನನ್ನಲ್ಲ, ಪಕ್ಕದ ತೋಟದವರನ್ನು ಕೇಳಿರಿ.

9. ಮೂರು ಸಲ ನೋಡಿ, ಒಂದು ವರ್ಷ ಕಾಯಿರಿ

ಒಂದೇ ಜಾಗವನ್ನು ಮೂರು ಸಲ ನೋಡಬೇಕು. ಮೇ ತಿಂಗಳ ಮೊದಲ ವಾರದಲ್ಲಿ ನೀರಿಗಾಗಿ. ಜುಲೈಯ ಜಡಿಮಳೆಯಲ್ಲಿ ಗುಡ್ಡ, ದಾರಿ, ನೆರೆ, ಕೊಳೆರೋಗಕ್ಕಾಗಿ. ಡಿಸೆಂಬರಿನಲ್ಲಿ ಫಸಲಿಗಾಗಿ. ಡಿಸೆಂಬರಿನ ನೋಟ ಕೊನೆಯದಾಗಿರಲಿ, ಅದು ಎಲ್ಲರಿಗೂ ಚಂದವೇ ಕಾಣುತ್ತದೆ. “ನಾಳೆ ಬೇರೆಯವರು ಕೊಳ್ಳುತ್ತಾರೆ” ಎಂದು ಅವಸರಪಡಿಸಿದರೆ ಕೊಳ್ಳಲಿ ಬಿಡಿ.

ಸಾಧ್ಯವಿದ್ದವರು ಆ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಒಂದು ಬೇಸಿಗೆ, ಒಂದು ಮಳೆಗಾಲ ಇದ್ದು ನೋಡಿರಿ. ತೋಟವನ್ನೇ ಗೇಣಿಗೆ ಹಿಡಿಯಲು ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯ ತಡೆಯಿದೆ, ಆ ದಾರಿ ಬೇಡ. ಮನೆಯ ಹಿರಿಯರನ್ನು ಮೇ ತಿಂಗಳಲ್ಲಿ ಹದಿನೈದು ದಿನ ಅಲ್ಲಿ ಮಲಗಿಸಿ ಅವರ ಮಾತು ಕೇಳಿರಿ. ಅಲ್ಲಿಯವರೆಗೆ ಮೇಲಿನ ಜಾಗವನ್ನು ಪೂರ್ತಿ ಮಾರಬೇಡಿ. ನನ್ನ ಕಷ್ಟದ ಎರಡು ವರ್ಷ ಅಕ್ಕಿ ಕೊಳ್ಳಲು ಹಣ ಬಂದದ್ದು ಬೇಡವೆಂದು ಬಿಟ್ಟುಬಂದಿದ್ದ ಅರ್ಧ ಎಕರೆಯ ಕಾಫಿ, ಮೆಣಸಿನಿಂದ.

ಅಭ್ಯಾಸ: ಜಾಗ ನೋಡಲು ಹೋಗುವಾಗ ಕಿಸೆಯಲ್ಲಿ ಇರಬೇಕಾದ ಪ್ರಶ್ನೆಗಳು

1) ನಾವು ಹೋಗುವುದು ತೋಟಕ್ಕೋ, ಆರೋಗ್ಯಕ್ಕೋ, ಮಕ್ಕಳ ಓದಿಗೋ?
2) ಇದು ಘಟ್ಟದ ಬುಡವೋ, ನಡುನಾಡೋ, ಕಡಲ ಸೆರಗೋ?
3) ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ನೀರು ಎಷ್ಟು ಗಂಟೆ, ಗಂಟೆಗೆ ಎಷ್ಟು ಲೀಟರ್? ನಮ್ಮ ಮರಗಳಿಗೆ ಬೇಕಾದದ್ದು ಎಷ್ಟು?
4) ಕಳೆದ ಐದು ವರ್ಷಗಳಲ್ಲಿ ಸುತ್ತಲೂ ಎಷ್ಟು ಕೊಳವೆಬಾವಿ ಕೊರೆದರು, ಎಷ್ಟು ಬತ್ತಿದವು?
5) ಊರಿನಲ್ಲಿ ಕಟ್ಟ, ಮದಕ, ಕಿಂಡಿ ಅಣೆಕಟ್ಟು ನಡೆಯುತ್ತಿವೆಯೇ?
6) ನೀರಿಗೆ ಉಪ್ಪಿನ ರುಚಿ ಬರುತ್ತದೆಯೇ?
7) ಇಳಿಜಾರಿನ ಮುಖ ಯಾವ ದಿಕ್ಕಿಗೆ? ಮನೆಯ ಹಿಂದೆ ಕಡಿದ ಗುಡ್ಡವಿದೆಯೇ?
8) ಸುತ್ತಲಿನ ನಾಲ್ಕು ತೋಟಗಳ ಸೋಗೆ ಹಸಿರಾಗಿದೆಯೇ?
9) ಚಾಲಿ ಹರಡುವಷ್ಟು ಬಿಸಿಲಿನ ಅಂಗಳವಿದೆಯೇ?
10) ವರ್ಗ ಎಷ್ಟು, ಕುಮ್ಕಿ ಎಷ್ಟು? ದಾರಿ ಯಾರದು?
11) ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ದೂರ?
12) ಇದು ತಪ್ಪಿದರೆ ಮರಳಿ ಹೋಗಲು ಮೇಲೆ ಏನು ಉಳಿದಿದೆ?

ಹನ್ನೆರಡರಲ್ಲಿ ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಉಳಿದ ಹನ್ನೊಂದನ್ನು ಕೇಳುವ ಅಗತ್ಯವಿಲ್ಲ, ಮನೆಗೆ ಮರಳಿರಿ.

ನಮ್ಮ ತಾಯಿ ಕೆಳಗೆ ಒಂಬತ್ತು ವರ್ಷ ಇದ್ದರು. ಕಟ್ಟ ಹಾಕಿದ ವರ್ಷ ಏಪ್ರಿಲಿನಲ್ಲಿ ಬಾವಿಕಟ್ಟೆಯ ಮೇಲೆ ಕೈಯಿಟ್ಟು ಬಗ್ಗಿ ನೋಡಿ, “ಈಗ ಇದು ನಮ್ಮ ಮನೆ” ಎಂದರು. ನಿಮ್ಮ ಮನೆಯ ಹಿರಿಯರು ಆ ಮಾತನ್ನು ಮೊದಲ ಬೇಸಿಗೆಯಲ್ಲಿಯೇ ಹೇಳುವಂತಾಗಲಿ. ಹೊರಡುವ ಮುನ್ನ ಸಂಘದ ಕಛೇರಿಗೆ ಬನ್ನಿರಿ. ಕೆಳಗೆ ಹೋಗಿ ನೆಲೆಸಿದ ಸದಸ್ಯರು ಬೇರೆಯವರೂ ಇದ್ದಾರೆ, ಅವರ ಬಾವಿಯ ಕಥೆಯನ್ನೂ ಕೇಳಿಕೊಂಡು ಹೋಗಬಹುದು.